‘ಸರ್ವರ್ ಇಲ್ರೀ’ ಅನ್ನುವ ಮುನ್ನ

ನಮ್ಮ ಕಡೆ ಯಾವ ಕೌಂಟರಿನ ಮುಂದೆ ನಿಂತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಸರ್ವರ್ ಇಲ್ರೀ, ಆಮ್ಯಾಲ ಬರ್ರಿ.’ ಹುಕ್ಕೇರಿ ತಾಲೂಕಿನ ನನ್ನ ಹಳ್ಳಿಯ ಅಜ್ಜಂದಿರು ಸರ್ವರನ್ನು ಮಳೆಯ ಸಾಲಿಗೆ ಸೇರಿಸಿಬಿಟ್ಟಿದ್ದಾರೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಿಇ ಐದನೇ ಸೆಮಿಸ್ಟರ್ ಮುಗಿಸಿದ್ದ ನಾನೂ ಹೆಚ್ಚುಕಡಿಮೆ ಹಾಗೇ ನಂಬಿದ್ದೆ. ಆ ನಂಬಿಕೆ ಹೋದದ್ದು ಕಳೆದ ರಜೆಯಲ್ಲಿ.

ಗೋಕಾಕದ ಒಂದು ಚಿಕ್ಕ ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್‌ಗೆ ಸೇರಿದ್ದೆ. ಸುತ್ತಲಿನ ಕೆಲವು ಪತ್ತಿನ ಸಹಕಾರ ಸಂಘಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವುದು ಅದರ ಕೆಲಸ. ನಮ್ಮ ಭಾಗದಲ್ಲಿ ಸಹಕಾರ ಸಂಘವೆಂದರೆ ಸಣ್ಣ ಮಾತಲ್ಲ. ಹುಕ್ಕೇರಿ ತಾಲೂಕಿನಲ್ಲಿ ಮನೆಮನೆಗೆ ಕರೆಂಟು ಕೊಡುವುದೂ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೇ. ಸಂಘದ ದುಡ್ಡು ಎಂದರೆ ಊರಿನ ದುಡ್ಡು.

ಮೂಡಲಗಿ ಕಡೆಯ ಒಂದು ಸಂಘದಿಂದ ದಿನವೂ ದೂರು ಬರುತ್ತಿತ್ತು. ಬೆಳಿಗ್ಗೆ ಹನ್ನೊಂದಾದರೆ ಸಾಕು, ಒಂದು ಪಾಸ್‌ಬುಕ್ ಮುದ್ರಿಸಲು ಮುಕ್ಕಾಲು ನಿಮಿಷ. ಮಧ್ಯಾಹ್ನದವರೆಗೆ ಇದೇ ಪಾಡು. ಮೂರು ಲಕ್ಷ ರೂಪಾಯಿಯ ಹೊಸ ಸರ್ವರ್ ಕೊಳ್ಳಲು ಆಡಳಿತ ಮಂಡಳಿ ಬಹುತೇಕ ತೀರ್ಮಾನಿಸಿತ್ತು. ‘ಅದಕ್ಕೂ ಮೊದಲು ಒಮ್ಮೆ ನೋಡಿ ಬರೋಣ’ ಎಂದು ನಮ್ಮ ಸೀನಿಯರ್ ಅಣ್ಣ ನನ್ನನ್ನು ಬೈಕಿನಲ್ಲಿ ಕರೆದೊಯ್ದರು.

ಸಂಘದ ಬಾಗಿಲಲ್ಲೇ ನನ್ನ ಸೋದರತ್ತೆ ನಿಂತಿದ್ದರು. ಮಗನ ಕಾಲೇಜು ಫೀ ಕಟ್ಟಲು ಅಂದೇ ಕೊನೆಯ ದಿನ. ಹತ್ತು ಗಂಟೆಗೇ ಬಂದು ಪಾಳಿ ಹಚ್ಚಿದ್ದರಂತೆ. ‘ತಮ್ಮಾ, ನೀ ಇಂಜಿನಿಯರ್ ಅದಿ, ಜರಾ ಲಗೂನ ಮಾಡಸಪಾ’ ಎಂದರು. ನನ್ನ ಎದೆ ಉಬ್ಬಿತು. ಅಲ್ಲೇ ಎಡವಿದ್ದು.

ಅಣ್ಣ ವ್ಯವಸ್ಥಾಪಕರ ಜೊತೆ ಮಾತನಾಡುತ್ತಿದ್ದಾಗ ನಾನು ಸರ್ವರ್ ಮುಂದೆ ಕೂತೆ. ಲಿನಕ್ಸ್‌ನಲ್ಲಿ ‘ಫ್ರೀ’ ಎಂಬ ಆಜ್ಞೆ ಕೊಟ್ಟರೆ ಮೆಮೊರಿಯ ಲೆಕ್ಕ ಕಾಣುತ್ತದೆ. 16 ಜಿಬಿಯಲ್ಲಿ ಖಾಲಿ ಇದ್ದದ್ದು ಬರೀ 200 ಎಂಬಿ; 11 ಜಿಬಿ ‘ಕ್ಯಾಶ್’ ಎಂದು ತೋರಿಸುತ್ತಿತ್ತು. ‘ಸಿಕ್ಕಿತು ಕಳ್ಳ!’ ಎಂದುಕೊಂಡು, ಎಲ್ಲೋ ಓದಿದ್ದ ಆಜ್ಞೆ ಕೊಟ್ಟು ಕ್ಯಾಶ್ ಖಾಲಿ ಮಾಡಿದೆ. ಯಾರನ್ನೂ ಕೇಳಲಿಲ್ಲ. ಮೆಮೊರಿ ಖಾಲಿಯಾಯಿತು ನಿಜ. ಆದರೆ ಮುಂದಿನ ಅರ್ಧ ಗಂಟೆ ಕೌಂಟರ್ ಪೂರ್ತಿ ನಿಂತೇಹೋಯಿತು. ಪಾಳಿಯಲ್ಲಿ ಗದ್ದಲ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನನ್ನತ್ತ ನೋಡಿದರು. ಕಾರಣ ನಾನೇ ಎಂದು ಅವರಿಗೆ ಗೊತ್ತಿರಲಿಲ್ಲ.

ಅಣ್ಣನಿಗೆ ನಿಜ ಹೇಳಿದೆ. ಅವರು ಬಯ್ಯಲಿಲ್ಲ. ‘ಹಿಡಕಲ್ ಡ್ಯಾಮ್ ತುಂಬೈತಿ ಅಂತ ಯಾರರೆ ನೀರು ಚೆಲ್ತಾರೇನೋ?’ ಎಂದರು.

ಆ ಒಂದು ಮಾತು ನನಗೆ ಇಡೀ ಪಾಠವಾಯಿತು. 51 ಟಿಎಂಸಿಯ ಹಿಡಕಲ್ ಜಲಾಶಯ ತುಂಬಿದ್ದರೆ ನಾವು ಸಂತೋಷಪಡುತ್ತೇವೆ. ಲಿನಕ್ಸ್ ಕೂಡ ಡಿಸ್ಕಿನಿಂದ ಒಮ್ಮೆ ಓದಿದ್ದನ್ನು ಮತ್ತೆ ಬೇಕಾದೀತೆಂದು ಬಿಡುವಿರುವ ಮೆಮೊರಿಯಲ್ಲಿ ತುಂಬಿಟ್ಟುಕೊಳ್ಳುತ್ತದೆ. ಬೇರೆ ಪ್ರೋಗ್ರಾಂಗೆ ಜಾಗ ಬೇಕಾದಾಗ ಗೇಟು ತೆರೆದಂತೆ ತಾನೇ ಬಿಟ್ಟುಕೊಡುತ್ತದೆ. ಆದ್ದರಿಂದ ನೋಡಬೇಕಾದದ್ದು ‘ಫ್ರೀ’ ಕಾಲಂ ಅಲ್ಲ, ‘ಅವೈಲಬಲ್’ ಕಾಲಂ. ನಾನು ತುಂಬಿದ ಕೆರೆಯ ಕೋಡಿ ಒಡೆದಿದ್ದೆ.

ಡಿಸ್ಕಿಗೆ ಮತ್ತೆ ಹೋಗುವುದು ಯಾಕೆ ಅಷ್ಟು ದುಬಾರಿ? ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕಿಗೆ ಒಂದು ಸುತ್ತಿಗೇ 8.3 ಮಿಲಿಸೆಕೆಂಡ್ ಬೇಕು. ಅದರ ಮುಳ್ಳು ಸರಿಯಾದ ಜಾಗಕ್ಕೆ ಸರಿಯುವ ಹೊತ್ತನ್ನೂ ಸೇರಿಸಿದರೆ, ಅಲ್ಲಲ್ಲಿ ಚದುರಿದ ಮಾಹಿತಿಯನ್ನು ಸೆಕೆಂಡಿಗೆ ಸುಮಾರು 100 ಸಲ ಮಾತ್ರ ತಂದುಕೊಡಬಲ್ಲದು. ಮೆಮೊರಿಗೆ ಇದೇ ಕೆಲಸ ಸುಮಾರು 100 ನ್ಯಾನೊಸೆಕೆಂಡಿನದು, ಅಂದರೆ ಹತ್ತಿರಹತ್ತಿರ ಒಂದು ಲಕ್ಷ ಪಟ್ಟು ವೇಗ. ಕರದಂಟು ಅಂಗಡಿಯವ ಮುಂದಿನ ಡಬ್ಬಿಯಿಂದ ಒಂದು ಸೆಕೆಂಡಿನಲ್ಲಿ ತೆಗೆದುಕೊಟ್ಟರೆ, ಗೋದಾಮಿನಿಂದ ತರಲು ಒಂದು ದಿನಕ್ಕೂ ಹೆಚ್ಚು ಹಿಡಿದಂತೆ!

ಆಮೇಲೆ ಅಣ್ಣ ಅಳತೆಗೆ ಕೂತರು. ‘ವಿಎಂಸ್ಟ್ಯಾಟ್’ನಲ್ಲಿ ‘ಎಸ್‌ಐ’, ‘ಎಸ್‌ಓ’ ಕಾಲಂಗಳು ಸೊನ್ನೆ. ಅಂದರೆ ಮೆಮೊರಿ ಸಾಲದೆ ಡಿಸ್ಕಿಗೆ ಸಾಮಾನು ಸಾಗಿಸುವ ‘ಸ್ವಾಪ್’ ನಡೆಯುತ್ತಿರಲಿಲ್ಲ. ‘ಸ್ವಾಪಿನೆಸ್ 60 ಇದೆ, ಇಳಿಸೋಣವೇ?’ ಎಂದೆ. ‘ನಡೆಯದೇ ಇರೋದನ್ನ ಇಳಿಸಿ ಏನು ಸಿಗ್ತದ?’ ಎಂದರು. ‘ಐಓಸ್ಟ್ಯಾಟ್’ ನೋಡಿದರೆ ಡಿಸ್ಕು ಶೇಕಡಾ 99ರಷ್ಟು ಹೊತ್ತು ದುಡಿಯುತ್ತಿತ್ತು. ಒಂದೊಂದು ಕೋರಿಕೆಯೂ 90 ಮಿಲಿಸೆಕೆಂಡ್ ಕಾಯುತ್ತಿತ್ತು. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆ ಮುಂದೆ ಟ್ರ್ಯಾಕ್ಟರ್ ನಿಂತಂತೆ.

ಮೂರು ಕಾರಣ ಸಿಕ್ಕವು. ಒಂದು, ಇಡೀ ಡೇಟಾಬೇಸಿನ ಬ್ಯಾಕಪ್ ದಿನವೂ ಬೆಳಿಗ್ಗೆ ಹನ್ನೊಂದಕ್ಕೆ ಅದೇ ಡಿಸ್ಕಿನಲ್ಲಿ ನಡೆಯುತ್ತಿತ್ತು. ಹಿಂದೆ ರಾತ್ರಿ ಕಂಪ್ಯೂಟರ್ ಆರಿಸಿ ಹೋಗುತ್ತಿದ್ದ ಕಾಲದಲ್ಲಿ ಇಟ್ಟ ಸಮಯವಂತೆ. ಆ ಬ್ಯಾಕಪ್ ಹಳೆಯ ಕಡತಗಳನ್ನೆಲ್ಲ ಓದಿ, ಕೌಂಟರಿಗೆ ಬೇಕಾದ ಮಾಹಿತಿಯನ್ನು ಕ್ಯಾಶ್‌ನಿಂದ ಹೊರದಬ್ಬುತ್ತಿತ್ತು. ಎರಡು, ಮೈಎಸ್‌ಕ್ಯೂಎಲ್ ತನಗಾಗಿ ಇಟ್ಟುಕೊಳ್ಳುವ ‘ಬಫರ್ ಪೂಲ್’ ಮೊದಲಿನ 128 ಎಂಬಿಯಲ್ಲೇ ಇತ್ತು, ಯಾರೂ ಮುಟ್ಟಿರಲಿಲ್ಲ. ಮೂರು, ವ್ಯವಹಾರದ ಕೋಷ್ಟಕಕ್ಕೆ ಖಾತೆ ಸಂಖ್ಯೆಯ ಇಂಡೆಕ್ಸ್ ಇರಲಿಲ್ಲ. ಒಬ್ಬರ ಪಾಸ್‌ಬುಕ್‌ಗಾಗಿ ಎಲ್ಲರ ಲೆಕ್ಕವನ್ನೂ ತಿರುವಿಹಾಕಬೇಕಿತ್ತು.

ಗೋಕಾಕಕ್ಕೆ ಮರಳಿ, ಡೇಟಾಬೇಸಿನ ನಕಲು ಪ್ರತಿಯ ಮೇಲೆ ಮೊದಲು ಪ್ರಯೋಗ ಮಾಡಿದೆವು. ನಂತರ ಸಂಘದಲ್ಲಿ ದಿನಕ್ಕೊಂದೇ ಬದಲಾವಣೆ, ಪ್ರತಿ ಸಲವೂ ಅಳತೆ. ಬ್ಯಾಕಪ್ ರಾತ್ರಿಗೆ ಹೋಯಿತು. ಬಫರ್ ಪೂಲ್ 8 ಜಿಬಿ ಆಯಿತು. ಸರ್ವರ್ ಡೇಟಾಬೇಸಿಗಷ್ಟೇ ಮೀಸಲಿದ್ದರೆ ಇನ್ನೂ ಹೆಚ್ಚು ಕೊಡಬಹುದಿತ್ತು; ಅದರಲ್ಲಿ ಬೇರೆ ಕೆಲಸಗಳೂ ಇದ್ದವು. ಕೊನೆಗೆ ಇಂಡೆಕ್ಸ್. ಮುಕ್ಕಾಲು ನಿಮಿಷದ ಪಾಸ್‌ಬುಕ್ ಎರಡು ಸೆಕೆಂಡಿಗೆ ಬಂತು. ಮೂರು ಲಕ್ಷದ ಸರ್ವರ್ ಖರೀದಿ ನಿಂತಿತು. ಡಿಸ್ಕುಗಳು ಹಳೆಯವಾದ್ದರಿಂದ ಅವನ್ನಷ್ಟೇ ಎಸ್‌ಎಸ್‌ಡಿಗೆ ಬದಲಿಸಲು ಅಣ್ಣ ಬರೆದುಕೊಟ್ಟರು.

ಗೆಳೆಯರೇ, ಕೆಲಸಕ್ಕೆ ಅರ್ಜಿ ಹಾಕುವಾಗ ದೊಡ್ಡ ದೊಡ್ಡ ತಂತ್ರಜ್ಞಾನಗಳ ಹೆಸರು ಬರೆಯುತ್ತೇವೆ. ನಾನೂ ಬರೆದಿದ್ದೆ. ಆದರೆ ‘ಸರ್ವರ್ ನಿಧಾನವಾಗಿದೆ, ಮೊದಲು ಏನು ನೋಡುತ್ತೀರಿ?’ ಎಂದು ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಈ ಮೂರು ಆಜ್ಞೆಗಳನ್ನು ಒಂದು ವಾರ ನೋಡುತ್ತ ಕೂರಿ. ಖರ್ಚಿಲ್ಲ. ಓಡುತ್ತಿರುವ ಸರ್ವರನ್ನು ಮಾತ್ರ ನನ್ನ ಹಾಗೆ ಕೇಳದೆ ಮುಟ್ಟಬೇಡಿ.

ಅತ್ತೆಗೆ ಅಂದು ದುಡ್ಡು ಸಿಕ್ಕಾಗ ಮೂರು ಗಂಟೆ ದಾಟಿತ್ತು. ಅಣ್ಣನ ಬೈಕಿನಲ್ಲಿ ನಾನೇ ಓಡಿ ಫೀ ಕಟ್ಟಿಬಂದೆ. ಕಳೆದ ತಿಂಗಳು ಅವರು ಫೋನ್ ಮಾಡಿ, ‘ಈಗ ಸೊಸಾಯಿಟ್ಯಾಗ ಕುಂದ್ರಾಕೂ ಟೈಮ್ ಸಿಗೂದಿಲ್ಲ ನೋಡಪಾ, ಹೋದಕೂಡ್ಲೆ ಕರೀತಾರ’ ಎಂದರು. ಆಗ ಆ ಅರ್ಧ ಗಂಟೆಯ ಕಥೆಯನ್ನು ಅವರಿಗೂ ಹೇಳಿಬಿಟ್ಟೆ. ಫೋನಿನ ಆಚೆ ಬಹಳ ಹೊತ್ತು ನಕ್ಕರು.