ಆಯುವವರ ಕಣ್ತಪ್ಪಿದ ಆಟಗಾರ

ಪ್ರತಿ ವರ್ಷವೂ ಶಾಲೆ ತೆರೆದು ಆಟದ ತಂಡಗಳನ್ನು ಗೊತ್ತುಮಾಡಿದ ವಾರದಲ್ಲಿ ನಮ್ಮ ಕೊಠಡಿಗೆ ಬರುವ ತಾಯಿತಂದೆಗಳ ಸಂಖ್ಯೆಯು ಪರೀಕ್ಷೆಯ ಫಲಿತಾಂಶದ ವಾರಕ್ಕಿಂತ ಕಡಮೆಯೇನೂ ಅಲ್ಲ. "ನಮ್ಮ ಹುಡುಗಿಯಲ್ಲಿ ಏನು ಕೊರತೆ ಕಂಡಿರಿ, ಅಮ್ಮನವರೇ?" ಎಂಬುದೇ ಅವರೆಲ್ಲರ ಪ್ರಶ್ನೆ. ಇದಕ್ಕೆ ನಾವು ಕೊಡುವ ಉತ್ತರವು ನಮಗೇ ಪೂರ್ಣವಾಗಿ ಒಪ್ಪಿಗೆಯಾಗಿರುವುದಿಲ್ಲವೆಂಬುದನ್ನು ಈ ಸ್ಮರಣ ಸಂಚಿಕೆಯಲ್ಲಿ ಒಪ್ಪಿಕೊಳ್ಳುವುದು ಯುಕ್ತವೆಂದು ತೋರುತ್ತದೆ. ಆಯುವವರ ಕಣ್ಣು ಹೇಗೆ ತಪ್ಪುತ್ತದೆಂಬುದನ್ನು ಅಮೆರಿಕಾ ದೇಶದ ಒಂದು ಪ್ರಸಿದ್ಧ ನಿದರ್ಶನದಿಂದ ತಿಳಿಯಪಡಿಸಲು ಇಲ್ಲಿ ಪ್ರಯತ್ನಿಸಿದ್ದೇವೆ.

ಬಾಸ್ಕೆಟ್ ಬಾಲ್ ಎಂಬ ಆಟವು ಶಾಲೆಯಲ್ಲಿಯೇ ಹುಟ್ಟಿ ಶಾಲೆಗಳ ಮೂಲಕವೇ ಲೋಕವನ್ನು ಸುತ್ತಿದ ಆಟ. 1891ನೆಯ ಇಸವಿ ಡಿಸೆಂಬರಿನಲ್ಲಿ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ವೈ.ಎಂ.ಸಿ.ಎ. ತರಬೇತಿ ಶಾಲೆಯ ಉಪಾಧ್ಯಾಯರಾದ ಜೇಮ್ಸ್ ನೈಸ್ಮಿತ್ ಎಂಬವರು ಪೀಚ್ ಹಣ್ಣಿನ ಬುಟ್ಟಿಗಳನ್ನು ಉಪ್ಪರಿಗೆಯ ಕಟಾಂಜನಕ್ಕೆ ಹೊಡೆಸಿ ಇದನ್ನು ಆಡಿಸಿದರು. ಸ್ವಲ್ಪ ಕಾಲದಲ್ಲಿಯೇ ಸೆಂಡಾ ಬೆರೆನ್‌ಸನ್ ಎಂಬ ಉಪಾಧ್ಯಾಯಿನಿಯು ಸ್ಮಿತ್ ಕಾಲೇಜಿನ ಹುಡುಗಿಯರಿಗೆ ಇದನ್ನು ಕಲಿಸಿದರು. ನಮ್ಮ ಸೀಮೆಯ ಅಂಗಸಾಧನೆಯ ಉಪಾಧ್ಯಾಯರಲ್ಲಿ ಅನೇಕರು ಕಲಿತು ಬಂದ ಮದರಾಸಿನ ವೈ.ಎಂ.ಸಿ.ಎ. ಕಾಲೇಜನ್ನು ಎಚ್. ಸಿ. ಬಕ್ ಎಂಬವರು 1920ರಲ್ಲಿ ಸ್ಥಾಪಿಸಿದರು.

ಅಮೆರಿಕಾದ ಕಾಲೇಜುಗಳಲ್ಲಿ ಈ ಆಟಕ್ಕಿರುವ ಗೌರವವು ನಮ್ಮವರ ಊಹೆಗೆ ಮೀರಿದ್ದು. ಚೆನ್ನಾಗಿ ಆಡುವ ಹುಡುಗನಿಗೆ ಅಲ್ಲಿನ ಕಾಲೇಜು ವಿದ್ಯಾರ್ಥಿವೇತನ ಕೊಟ್ಟು ಕರೆದುಕೊಳ್ಳುತ್ತದೆ; ಅಂಥವರನ್ನು ಹುಡುಕುವುದಕ್ಕಾಗಿಯೇ ಜನರು ಹೈಸ್ಕೂಲಿನಿಂದ ಹೈಸ್ಕೂಲಿಗೆ ತಿರುಗುತ್ತಾರೆ. ಬಡವರ ಮಕ್ಕಳಿಗೆ ಇದು ಆಟದ ಮಾತಲ್ಲ, ವಿದ್ಯೆಯ ಬಾಗಿಲು. ಆದಕಾರಣ ಹುಡುಕುವವನು ಕಾಣದೆ ಹೋದ ಹುಡುಗನಿಗೆ ಬಾಗಿಲೇ ಮುಚ್ಚಿದಂತೆ.

ವಿಲಿಯಂ ರಸೆಲ್, ಬಳಕೆಯಲ್ಲಿ ಬಿಲ್ ರಸೆಲ್, 1934ರಲ್ಲಿ ಲೂಯಿಸಿಯಾನಾ ಪ್ರಾಂತದಲ್ಲಿ ಕರಿಯರ ಕುಟುಂಬವೊಂದರಲ್ಲಿ ಹುಟ್ಟಿದನು. ವರ್ಣಭೇದದ ಬಾಧೆಯನ್ನು ತಾಳಲಾರದೆ ಆ ಕುಟುಂಬವು ಕ್ಯಾಲಿಫೋರ್ನಿಯಾದ ಓಕ್‌ಲೆಂಡ್ ಪಟ್ಟಣಕ್ಕೆ ಬಂದಿತು. ಹುಡುಗನಿಗೆ 12 ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ನಾಚಿಕೆಯ ಸ್ವಭಾವದ ಆ ಬಡಕಲು ಹುಡುಗನು ಊರಿನ ಪುಸ್ತಕಭಂಡಾರದಲ್ಲಿ ಕುಳಿತು ಮೈಕೆಲೇಂಜೆಲೊವಿನ ಚಿತ್ರಗಳನ್ನು ನೋಡಿ, ಅವುಗಳನ್ನು ಮನಸ್ಸಿನಲ್ಲಿಯೇ ಮತ್ತೆ ಬರೆದು ನೋಡಲು ಯತ್ನಿಸುತ್ತಿದ್ದನಂತೆ. ವಾಚಕರು ಇದನ್ನು ಜ್ಞಾಪಕದಲ್ಲಿಟ್ಟುಕೊಳ್ಳಬೇಕು. ಮುಂದೆ ಇದರಿಂದ ಪ್ರಯೋಜನವುಂಟು.

ಮೆಕ್ಲೈಮಂಡ್ಸ್ ಹೈಸ್ಕೂಲಿನ ಕಿರಿಯರ ತಂಡಕ್ಕೂ ಅವನು ಯೋಗ್ಯನೆನಿಸಲಿಲ್ಲ. ಅಲ್ಲಿದ್ದುದು 15 ಉಡುಪುಗಳು, ರಸೆಲ್ ಹದಿನಾರನೆಯವನು. ಆದರೆ ಜಾರ್ಜ್ ಪೌಲ್ಸ್ ಎಂಬ ಉಪಾಧ್ಯಾಯರು ಅವನನ್ನು ಹೊರಗಟ್ಟದೆ, ಹದಿನೈದನೆಯ ಉಡುಪನ್ನು ಇನ್ನೊಬ್ಬ ಹುಡುಗನೊಡನೆ ಸರದಿಯ ಮೇಲೆ ತೊಡಲು ಏರ್ಪಡಿಸಿದರು. ಅಂದರೆ ಒಂದು ಪಂದ್ಯದಲ್ಲಿ ಇವನು, ಮತ್ತೊಂದರಲ್ಲಿ ಅವನು. ಬಾಲಕರ ಕ್ಲಬ್ಬಿನಲ್ಲಿ ಅಭ್ಯಾಸಮಾಡಲಿ ಎಂದು ತಮ್ಮ ಕೈಯಿಂದಲೇ ಚಂದಾ ಹಣವನ್ನೂ ಕೊಟ್ಟರು. ಪೌಲ್ಸರಿಗೆ ಅವನಲ್ಲಿ ಕಂಡುದಾದರೂ ಏನು? ಓಟ, ನೆಗೆತ, ದೊಡ್ಡ ಕೈಗಳು, ಇಷ್ಟೇ.

ಹೈಸ್ಕೂಲು ಮುಗಿಯುವ ಹೊತ್ತಿಗೂ ಅವನನ್ನು ಕೇಳಿದವರಿಲ್ಲ. ಹುಡುಕುವವರು ಮೊದಲು ಕೇಳುವುದು ಬುಟ್ಟಿಗೆ ಎಷ್ಟು ಸಲ ಚೆಂಡು ಹಾಕಿದನು ಎಂಬುದನ್ನು. ರಸೆಲನು ಹಾಕುತ್ತಿದ್ದುದು ಅಲ್ಪ. ಅವನ ಬಲವೆಲ್ಲ ಎದುರಾಳಿ ಎಸೆದ ಚೆಂಡನ್ನು ಗಾಳಿಯಲ್ಲಿಯೇ ತಡೆಯುವುದರಲ್ಲಿತ್ತು. ಆ ಕಾಲದ ಗುರುಗಳ ಮತವೋ, ತಡೆಯುವವನು ನೆಲಬಿಟ್ಟು ನೆಗೆಯಕೂಡದು ಎಂಬುದಾಗಿತ್ತು. ಆದುದರಿಂದ ಅವನ ಗುಣವೇ ಅವರ ಕಣ್ಣಿಗೆ ದೋಷವಾಗಿ ಕಂಡಿತು. ಅದಲ್ಲದೆ ಇಂಥ ತಡೆಗಳನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುವ ಪದ್ಧತಿಯೇ ಇರಲಿಲ್ಲ. ಅಮೆರಿಕಾದ ವೃತ್ತಿಪರ ಸಂಘವಾದ ಎನ್.ಬಿ.ಎ. ಅವುಗಳನ್ನು ಎಣಿಸಲು ತೊಡಗಿದುದು 1973–74ರಲ್ಲಿ, ರಸೆಲನು ಆಟವನ್ನು ಬಿಟ್ಟು ನಾಲ್ಕು ವರ್ಷಗಳು ಕಳೆದ ಮೇಲೆ. ನಮ್ಮ ಅಂಕಪಟ್ಟಿಗಳೂ ಇಂಥವೇ ಅಲ್ಲವೇ? ಜತೆಗೆ ಅವನು 1952ನೆಯ ಜನವರಿಯಲ್ಲಿ, ವರ್ಷದ ನಡುವೆಯೇ, ಹೈಸ್ಕೂಲು ಮುಗಿಸಿದ್ದರಿಂದ ಪಂದ್ಯಗಳ ಕೊನೆಯ ಭಾಗದಲ್ಲಿ ಆಡಲೇ ಇಲ್ಲ. ಇನ್ನು ದಕ್ಷಿಣ ಪ್ರಾಂತಗಳ ಬಿಳಿಯರ ಕಾಲೇಜುಗಳು ಆಗ ಕರಿಯ ಹುಡುಗರಿಗೆ ಬಾಗಿಲನ್ನೇ ತೆರೆದಿರಲಿಲ್ಲವೆಂಬುದನ್ನು ಮರೆಯಬಾರದು.

ಹಾಲ್ ಡಿಜೂಲಿಯೊ ಎಂಬವರು ಸಾನ್‌ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದಲ್ಲಿ ಹಿಂದೆ ಆಡಿದವರು. ಅವರು ಒಂದು ದಿನ ನೋಡಲು ಬಂದುದು ಎದುರು ತಂಡದ ಬೇರೊಬ್ಬ ಹುಡುಗನನ್ನು. ಆ ದಿನ ರಸೆಲನು 14 ಅಂಕಗಳನ್ನು ಗಳಿಸಿದನು. ಅದು ದೊಡ್ಡ ಸಂಖ್ಯೆಯಲ್ಲ. ಆದರೆ ಮೊದಲರ್ಧದ ಕೊನೆಗೂ ಆಟದ ಕೊನೆಗೂ, ತನ್ನ ತಂಡಕ್ಕೆ ಬೇಕಾದಾಗಲೇ ಅವನು ಅವುಗಳನ್ನು ಗಳಿಸಿದನೆಂಬುದನ್ನು ಡಿಜೂಲಿಯೊ ಗಮನಿಸಿದರು. ಸಂಖ್ಯೆಯನ್ನು ನೋಡಿದವರು ಅನೇಕರು. ಸಮಯವನ್ನು ನೋಡಿದವರು ಇವರೊಬ್ಬರೇ. ಜೆಸ್ವಿತ್ ಪಾದ್ರಿಗಳ ಆ ವಿಶ್ವವಿದ್ಯಾಲಯದಿಂದ ಅವನಿಗೆ ವಿದ್ಯಾರ್ಥಿವೇತನ ದೊರೆಯಿತು. ಅವನಿಗೆ ಬಂದ ಕರೆ ಅದೊಂದೇ. ಅದೂ ಬಾರದಿದ್ದರೆ ಹಡಗು ಕಟ್ಟುವ ಕಾರ್ಖಾನೆಯ ಕೂಲಿಯೇ ಗತಿಯಾಗುತ್ತಿತ್ತು. ಕರೆದ ಕಾಲೇಜಿಗಾದರೋ ಆಗ ಸ್ವಂತ ಆಟದ ಮಂದಿರವೂ ಇರಲಿಲ್ಲ.

ಕಾಲೇಜು ಸೇರುವ ಮುನ್ನ ಅವನು ಹೈಸ್ಕೂಲು ಹುಡುಗರ ಒಂದು ತಂಡದೊಡನೆ ಬಸ್ಸಿನಲ್ಲಿ ಊರೂರು ತಿರುಗಿ ಆಡಿದನು. ಜತೆಗಾರರ ಚಲನೆಯನ್ನು ನೋಡಿ, ಕಣ್ಣು ಮುಚ್ಚಿ ಅದನ್ನು ಮನಸ್ಸಿನಲ್ಲಿ ಚಿತ್ರಿಸಿಕೊಂಡು, ಮಾರನೆಯ ಆಟದಲ್ಲಿ ತಾನು ಮಾಡಿ ನೋಡುವನು. ಚಿತ್ರಗಳಿಂದ ಕಲಿತ ಅಭ್ಯಾಸವು ಇಲ್ಲಿ ಫಲಿಸಿತು. ಎದುರಾಳಿಯ ಚಲನೆಗೆ ಕನ್ನಡಿಯ ಬಿಂಬದಂತೆ ತನ್ನ ಚಲನೆಯನ್ನು ಕಲ್ಪಿಸಿಕೊಂಡು ತಡೆಯುವುದನ್ನೂ ಹೀಗೆಯೇ ಸಾಧಿಸಿದನು. ತಡೆದ ಚೆಂಡನ್ನು ಅಂಗಣದ ಹೊರಗೆ ಬಡಿದರೆ ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಾರೆ, ಆದರೆ ಚೆಂಡು ಮತ್ತೆ ಎದುರಾಳಿಗೇ ಸಲ್ಲುತ್ತದೆ. ಆದ್ದರಿಂದ ರಸೆಲನು ಅದನ್ನು ಮೆಲ್ಲನೆ ತಟ್ಟಿ ತನ್ನವರ ಕೈಗೇ ಬೀಳುವಂತೆ ಮಾಡುತ್ತಿದ್ದನು.

ಅವನಿದ್ದ ವಿಶ್ವವಿದ್ಯಾಲಯವು 1955ರಲ್ಲಿಯೂ 1956ರಲ್ಲಿಯೂ ದೇಶದ ಕಾಲೇಜುಗಳಲ್ಲೆಲ್ಲಾ ಮೊದಲನೆಯದಾಯಿತು. ಅವನಂಥ ಎತ್ತರದವರನ್ನು ಬುಟ್ಟಿಯಿಂದ ದೂರವಿಡಬೇಕೆಂದು ಅಂಗಣದ ಗೆರೆಗಳ ನಡುವಿನ ಅಂತರವನ್ನು 6 ಅಡಿಯಿಂದ 12 ಅಡಿಗೆ ಹೆಚ್ಚಿಸಿದರು. ಇಷ್ಟಾದರೂ 1956ರಲ್ಲಿ ವೃತ್ತಿಪರ ತಂಡಗಳು ಆಟಗಾರರನ್ನು ಆಯುವಾಗ ಮೊದಲ ಸರದಿಯಿದ್ದ ರಾಚೆಸ್ಟರ್ ತಂಡವು ಅವನನ್ನು ಬಿಟ್ಟು ಬೇರೊಬ್ಬನನ್ನು ತೆಗೆದುಕೊಂಡಿತು. ಎರಡನೆಯ ಸರದಿಯವರು ಅವನನ್ನು ಬಾಸ್ಟನ್ ತಂಡಕ್ಕೆ ಬಿಟ್ಟುಕೊಟ್ಟರು. ಆ ವರ್ಷವೇ ಅವನು ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ಚಿನ್ನದ ಪದಕ ಗೆದ್ದನು. ಬಾಸ್ಟನ್ನಿನಲ್ಲಿ ಅವನು ಆಡಿದ 13 ವರ್ಷಗಳಲ್ಲಿ ಆ ತಂಡವು 11 ಸಲ ಜಯಶಾಲಿಯಾಯಿತು. 1966ರಲ್ಲಿ ಅದೇ ತಂಡದ ತರಬೇತುದಾರನೂ ಆಗಿ, ಎನ್.ಬಿ.ಎ.ಯಲ್ಲಿ ಆ ಪದವಿಗೆ ಬಂದ ಮೊದಲ ಕರಿಯನೆನಿಸಿದನು.

ಇನ್ನು ನಮ್ಮ ಮಾತು. ನಾವು ಉಪಾಧ್ಯಾಯಿನಿಯಾಗಿ ಹೊಸದಾಗಿ ಸೇರಿದ ವರ್ಷಗಳಲ್ಲಿ, ಒಂದು ಸಾಯಂಕಾಲ ಅರ್ಧ ಗಂಟೆ ಆಟ ನೋಡಿ ತಂಡದ ಹೆಸರುಗಳನ್ನು ಬರೆದುಬಿಟ್ಟೆವು. ಅದರಲ್ಲಿ ಒಬ್ಬ ಹುಡುಗಿಯನ್ನು, ಒಮ್ಮೆಯೂ ಬುಟ್ಟಿಗೆ ಚೆಂಡು ಹಾಕಲಿಲ್ಲವೆಂದು ಬಿಟ್ಟೆವು. ಆಕೆಯಿಲ್ಲದೆ ಆಡಿದ ಪಂದ್ಯದಲ್ಲಿ ಬುಟ್ಟಿಗೆ ಹಾಕುವವರ ಕೈಗೆ ಚೆಂಡೇ ಬಾರದೆ ಹೋಯಿತು. ಆಗ, ಅವರಿಗೆ ಅದುವರೆಗೆ ಚೆಂಡನ್ನು ಒದಗಿಸುತ್ತಿದ್ದವಳು ಯಾರೆಂಬುದು ನಮಗೆ ತಿಳಿಯಿತು. ಮರಳಿ ಕರೆದೆವು, ಆಕೆ ಬರಲಿಲ್ಲ. ಕೇಳಿದಾಗ ತಲೆ ತಗ್ಗಿಸಿ "ಓದು ಇದೆ, ಅಮ್ಮ" ಎಂದಳು. ಈ ಪುಟವನ್ನು ಆಕೆಯೂ ಓದಬಹುದು. ಓದಿದರೆ, ತಪ್ಪು ನಮ್ಮದೆಂದು ಬರೆದಿರುವುದನ್ನು ಕಾಣಲಿ.

ರಸೆಲನು 2022ನೆಯ ಜುಲೈ 31ರಂದು ತೀರಿಕೊಂಡನು. ಅದೇ ಆಗಸ್ಟಿನಲ್ಲಿ, ಅವನು ತೊಡುತ್ತಿದ್ದ 6ನೆಯ ಸಂಖ್ಯೆಯ ಅಂಗಿಯನ್ನು ಇನ್ನು ಮುಂದೆ ಎನ್.ಬಿ.ಎ.ಯ ಯಾವ ತಂಡದಲ್ಲಿಯೂ ಹೊಸದಾಗಿ ಯಾರಿಗೂ ಕೊಡಕೂಡದೆಂದು ಗೊತ್ತುಮಾಡಿದರು. ನಮ್ಮ ಶಾಲೆಯ ಆಟದ ಉಪಾಧ್ಯಾಯಿನಿಯವರು ಈ ವರ್ಷ ತಂಡಕ್ಕೆ ಬೇಕಾದುದಕ್ಕಿಂತ ಎರಡು ಉಡುಪುಗಳನ್ನು ಹೆಚ್ಚಾಗಿ ಹೊಲಿಸಬೇಕೆಂದು ಕೇಳಿದ್ದಾರೆ. ಬಟ್ಟೆ ತರಿಸಲು ಹೇಳಿದ್ದೇವೆ.