ಅಂಬಾರಿಯ ಪಿಸ್ತೂಲಿನಿಂದ ಮೊಲೆಂನ ಬರಿಗೈವರೆಗೆ

ಗೋವಾದ ಮೊಲೆಂ ಅಭಯಾರಣ್ಯದ ಗೇಟಿನಲ್ಲಿ ನನ್ನ ಚೀಲ ನೋಡಿದ ಕಾವಲುಗಾರರು, ಹಣ್ಣು ಹೆಚ್ಚಲು ಇಟ್ಟುಕೊಂಡಿದ್ದ ಚಾಕುವನ್ನು ತೆಗೆದು ಮೇಜಿನ ಮೇಲಿಟ್ಟರು. ಇಲ್ಲೇ ಇರಲಿ, ವಾಪಸ್ ಬರುವಾಗ ಒಯ್ಯಿರಿ ಎಂದು ಕೊಂಕಣಿಯಲ್ಲಿ ಹೇಳಿ, ವಹಿಯಲ್ಲಿ ನನ್ನ ಹೆಸರು ಬರೆಸಿಕೊಂಡರು. ಪೇರಲಹಣ್ಣು ಮಾತ್ರ ಚೀಲದಲ್ಲೇ ಉಳಿದವು.

ಪಕ್ಕದಲ್ಲಿ ನಿಂತಿದ್ದ ಅಕ್ಕನ ಮಗನಿಗೆ ಆಶ್ಚರ್ಯ. ಹುಬ್ಬಳ್ಳಿಯಲ್ಲಿ ಬೆಳೆದ ಹುಡುಗ, ಈಗ ಸಿಯಾಟಲ್‌ನಲ್ಲಿ ಕೆಲಸ. ಗೆಳೆಯರ ಜೊತೆ ಅಲಾಸ್ಕಾದ ಕಾಡಿಗೆ ಹೋದಾಗ ಅವರಲ್ಲೊಬ್ಬ ಎದೆಯ ಮೇಲೆ ರಿವಾಲ್ವರ್ ಕಟ್ಟಿಕೊಂಡು ನಡೆದಿದ್ದನಂತೆ, ಕರಡಿ ಬಂದರೆ ಇರಲಿ ಎಂದು. ಅನಮೋಡ ಘಾಟು ಇಳಿಯುವಾಗ ದಾರಿಯುದ್ದಕ್ಕೂ ಅದೇ ಮಾತು. 'ಚಾಕು ಸುದ್ದಾ ಬಿಡೂದಿಲ್ಲಂದ್ರ ಹೆಂಗ ಮಾಮಾ? ಇಲ್ಲಿ ಕಾಡಿಗೆ ಯಾವ ಪಿಸ್ತೂಲ್ ಛಲೋ ಅಂತ ನಿನ್ನ ಕೇಳಬೇಕಂತ ಮಾಡಿದ್ದೆ' ಎಂದ.

ಅವನ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಿಲ್ಲ. ಕಾಡುಪ್ರಾಣಿಯಿಂದ ಜೀವ ಉಳಿಸಿಕೊಳ್ಳಲೆಂದೇ ತಯಾರಾದ ಕೈಬಂದೂಕಿನ ಕಥೆಯಲ್ಲಿ ಮೊದಲ ಅಧ್ಯಾಯವೇ ನಮ್ಮ ದೇಶದ್ದು.

19ನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿಗಳೂ ಸಂಸ್ಥಾನಿಕರೂ ಆನೆಯ ಮೇಲೆ ಕೂತು ಹುಲಿಬೇಟೆಗೆ ಹೋಗುತ್ತಿದ್ದರು. ಗುಂಡು ತಗುಲಿಯೂ ಸಾಯದ ಹುಲಿ ಎಷ್ಟೋ ಸಲ ತಿರುಗಿ ಆನೆಯ ಮೇಲೇ ಹಾರುತ್ತಿತ್ತು. ಅಂಬಾರಿಯ ಇಕ್ಕಟ್ಟಿನಲ್ಲಿ ಉದ್ದನೆಯ ಕೋವಿ ತಿರುಗಿಸಲು ಜಾಗವಿಲ್ಲ, ಮತ್ತೆ ಮದ್ದು ತುಂಬಲು ಪುರಸೊತ್ತಿಲ್ಲ. ಆ ಕೊನೆಯ ಕೆಲವು ಅಡಿಗಳಿಗಾಗಿ ಹುಟ್ಟಿದ್ದು 'ಹೌದಾ ಪಿಸ್ತೂಲು'. ಹೌದಾ ಎಂದರೆ ಅಂಬಾರಿ. ಮೊದಮೊದಲು ರೈಫಲ್ಲಿನ ನಳಿಗೆಯನ್ನೇ ಕತ್ತರಿಸಿ ಮೋಟು ಮಾಡಿಕೊಂಡವರಿದ್ದರು. ಆಮೇಲೆ ಇಂಗ್ಲೆಂಡಿನ ಕೋವಿ ಕುಶಲಕರ್ಮಿಗಳು ಇದಕ್ಕೆಂದೇ ದಪ್ಪ ಬೋರಿನ ಜೋಡುನಳಿಗೆ ಪಿಸ್ತೂಲು ಮಾಡಿ ಕಳಿಸಿದರು. ಚಾರ್ಲ್ಸ್ ಲಂಕಾಸ್ಟರ್ ಕಂಪನಿಯಂತೂ ನಾಲ್ಕು ನಳಿಗೆಯದ್ದನ್ನೇ ಮಾರಿತು.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಆ ಹುಲಿ ತಾನಾಗಿ ಬಂದದ್ದಲ್ಲ. ಅದನ್ನು ಸೋವಿ, ಸುತ್ತುಗಟ್ಟಿ, ಗಾಯಗೊಳಿಸಿದ ಮೇಲೆ ಅದು ಮೈಮೇಲೆ ಬರುತ್ತಿತ್ತು. ಅಂಬಾರಿಯ ಪಿಸ್ತೂಲು ಬೇಟೆಯ ಕೂಸು. ಸುಮ್ಮನೆ ಕಾಡು ದಾಟುತ್ತಿದ್ದ ದಾರಿಹೋಕರಿಗೆಂದು ಅದನ್ನು ಯಾರೂ ಮಾಡಿರಲಿಲ್ಲ.

ದಾರಿಹೋಕರ ಆಯುಧ ಬೇರೆ ಇತ್ತು. ಕನ್ನಡಿಗರಿಗೆ ಮೊದಲು ನೆನಪಾಗುವವನು ಅಂಗಡಿಯ ಸಳ. ಗುರು 'ಹೊಯ್ ಸಳ' ಎಂದ, ಅವನು ಕೈಗೆ ಸಿಕ್ಕಿದ್ದರಲ್ಲಿ ಹುಲಿಯನ್ನು ಹೊಡೆದ, ಒಂದು ರಾಜವಂಶವೇ ಆ ಹೆಸರು ಹೊತ್ತಿತು. ಅದು ಐತಿಹ್ಯ. ಕಲ್ಲಿನಲ್ಲಿ ಉಳಿದ ಸಾಕ್ಷಿ ಬೇಕಾದರೆ ನಮ್ಮ ಊರೂರಿನ ವೀರಗಲ್ಲುಗಳಿವೆ. ಹುಲಿಯ ಜೊತೆ ಸೆಣಸಿ ಸತ್ತವರಿಗೆ ನೆಟ್ಟ ಕಲ್ಲುಗಳವು. 10ನೇ ಶತಮಾನದ ಆತಕೂರಿನ ಕಲ್ಲಂತೂ ಕಾಡುಹಂದಿಯೊಡನೆ ಕಾದು ಸತ್ತ ಕಾಳಿ ಎಂಬ ನಾಯಿಯದ್ದು. ಆ ಕಲ್ಲುಗಳ ಮುಂದೆ ನಿಂತಾಗಲೆಲ್ಲ ನನಗೆ ಅನ್ನಿಸುವುದು ಒಂದೇ: ಮೃಗದ ಮೈಗೆ ಮೈ ತಾಗುವಷ್ಟು ಹತ್ತಿರ ಹೋದವರಲ್ಲಿ ಕಲ್ಲಾದವರೇ ಹೆಚ್ಚು.

ಕೋವಿ ಹಿಡಿಯುವ ಹಕ್ಕಿಗೂ ಒಂದು ಕಥೆಯಿದೆ. 1878ರ ಆಯುಧ ಕಾಯ್ದೆ ಬಂದಾಗ ಭಾರತೀಯರ ಕೈಯ ಕೋವಿಗೆ ಲೈಸೆನ್ಸ್ ಕಡ್ಡಾಯವಾಯಿತು, ಯುರೋಪಿಯನ್ನರಿಗೆ ವಿನಾಯಿತಿ ಸಿಕ್ಕಿತು. ಕೊಡಗಿನ ಕಥೆ ಮಾತ್ರ ಬೇರೆ. 1861ರಲ್ಲಿ ಬ್ರಿಟಿಷ್ ಅಧಿಕಾರಿ ಮಾರ್ಕ್ ಕಬ್ಬನ್ ಕೊಟ್ಟ ವಿನಾಯಿತಿ ಸ್ವತಂತ್ರ ಭಾರತದಲ್ಲೂ ಮುಂದುವರಿದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಕೊಡವರ ಮನೆಯಲ್ಲಿ ಕೋವಿ ಕೈಲ್‌ಪೊಳ್ದ್ ದಿನ ಪೂಜೆಗೊಳ್ಳುವ ವಸ್ತು. ಉಳಿದವರಿಗೆಲ್ಲ 1959ರ ಕಾಯ್ದೆ. ಮೊಲೆಂ ಗಡಿಯಾಚೆಯ ಜೋಯಿಡಾ, ಯಲ್ಲಾಪುರದ ತೋಟಿಗರಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಇರುವ ಕೋವಿಗಳಿವೆ. ಪ್ರತಿ ಚುನಾವಣೆಗೂ ಅವನ್ನು ಗೋಣಿತಟ್ಟಿನಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. ಹಂದಿ, ಮಂಗಗಳಿಗೆ ಚುನಾವಣೆಯ ಪರಿವೆ ಇಲ್ಲ. ರಾತ್ರಿಯಿಡೀ ತೋಟ ಕಾಯುವ ಅವರ ಸಂಕಟ ನಿಜವಾದದ್ದು. ಎರಡು ತಾಸು ನಡೆದು ಊರಿಗೆ ಮರಳುವ ನಮ್ಮ ಭಯವನ್ನು ಅದರ ಪಕ್ಕ ಇಟ್ಟು ತೂಗುವುದು ಸರಿಯಲ್ಲ.

ಇನ್ನು ಮೊಲೆಂ. ಗೋವಾ 1961ರ ಡಿಸೆಂಬರಿನಲ್ಲಿ ಪೋರ್ಚುಗೀಸರಿಂದ ಬಿಡುಗಡೆಯಾಯಿತು. ಎಂಟು ವರ್ಷಕ್ಕೆ, 1969ರಲ್ಲಿ, ಈ ಕಾಡು ಅಭಯಾರಣ್ಯವಾಯಿತು. 1978ರಲ್ಲಿ ಅದರ ನಡುವಿನ 107 ಚದರ ಕಿಲೋಮೀಟರ್ ರಾಷ್ಟ್ರೀಯ ಉದ್ಯಾನವಾಯಿತು. ಎಲ್ಲ ಸೇರಿ ಸುಮಾರು 240 ಚದರ ಕಿಲೋಮೀಟರ್. ದೂಧಸಾಗರವೂ, ಕದಂಬರ ಕಾಲದ ತಾಂಬಡಿ ಸುರ್ಲಾ ಮಹಾದೇವ ಗುಡಿಯೂ ಇರುವುದು ಈ ಸೀಮೆಯಲ್ಲೇ. ಗಡಿ ದಾಟಿದರೆ ಕ್ಯಾಸಲ್‌ರಾಕ್, ಅದರಾಚೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಪ್ರಾಣಿಗಳ ಪಾಲಿಗೆ ಇದೆಲ್ಲ ಒಂದೇ ಕಾಡು.

ಗೇಟಿನಲ್ಲಿ ಚಾಕು ಉಳಿದದ್ದಕ್ಕೆ ಕಾರಣ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಅನುಮತಿ ಇಲ್ಲದೆ ಯಾರೂ ಆಯುಧ ಹಿಡಿದು ಅಭಯಾರಣ್ಯ ಹೊಗುವಂತಿಲ್ಲ ಎನ್ನುತ್ತದೆ ಅದರ 31ನೇ ಕಲಂ. ರಾಷ್ಟ್ರೀಯ ಉದ್ಯಾನಕ್ಕೂ ಅದು ಅನ್ವಯ. ಆಯುಧ ಎಂದರೆ ಕೋವಿಯಷ್ಟೇ ಅಲ್ಲ. ಬಿಲ್ಲುಬಾಣ, ಚಾಕು, ಬಲೆ, ಉರುಳು, ವಿಷ ಎಲ್ಲವೂ ಆ ಪಟ್ಟಿಯಲ್ಲಿವೆ. ಅಭಯಾರಣ್ಯದ ಒಳಗೋ 10 ಕಿಲೋಮೀಟರ್ ಸುತ್ತಲೋ ವಾಸವಿರುವವರು ತಮ್ಮ ಲೈಸೆನ್ಸ್ ಕೋವಿಯ ಲೆಕ್ಕವನ್ನು ಪ್ರತ್ಯೇಕವಾಗಿ ನೋಂದಾಯಿಸಬೇಕು.

'ಜೀವಕ್ಕ ಬಂದ್ರ?' ಎಂದು ಹುಡುಗ ಕೇಳಿದ. ಅದಕ್ಕೂ ಕಾಯ್ದೆಯಲ್ಲಿ ಉತ್ತರವಿದೆ. ಆತ್ಮರಕ್ಷಣೆಗಾಗಿ ಸದುದ್ದೇಶದಿಂದ ಪ್ರಾಣಿಯನ್ನು ಕೊಂದರೆ ಅಪರಾಧವಲ್ಲ ಎಂದು 11ನೇ ಕಲಂ ಹೇಳುತ್ತದೆ. ಆದರೆ ಆ ಹೊತ್ತಿಗೆ ಇದೇ ಕಾಯ್ದೆಯನ್ನು ಮುರಿಯುತ್ತಿದ್ದವರಿಗೆ ಆ ರಕ್ಷಣೆ ಇಲ್ಲ. ಕದ್ದುಮುಚ್ಚಿ ಒಯ್ದ ಪಿಸ್ತೂಲಿನಿಂದ ಜೀವ ಉಳಿಸಿಕೊಂಡರೂ ಕಟಕಟೆ ತಪ್ಪದು.

ಅನುಮತಿ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ನಮ್ಮಲ್ಲಿ ಸಾಮಾನ್ಯ ನಾಗರಿಕರಿಗೆ 9 ಎಂಎಂನಂಥ ಬೋರ್ ನಿಷಿದ್ಧ. ಕೈಗೆ ಸಿಗುವುದು ಬಹುಪಾಲು .32 ಬೋರಿನದ್ದು. 2014ರಲ್ಲಿ ಕಾನ್ಪುರದಿಂದ ಮಹಿಳೆಯರಿಗೆಂದು ಬಂದ, ಅರ್ಧ ಕಿಲೋ ತೂಗುವ 'ನಿರ್ಭೀಕ್' ರಿವಾಲ್ವರ್ ಕೂಡ ಅದೇ. ಅದರ ಗುಂಡು ಆರು ಗ್ರಾಂ ಚಿಲ್ಲರೆ. ಅಲಾಸ್ಕಾದಲ್ಲಿ ಎದೆಗೆ ಕಟ್ಟಿಕೊಳ್ಳುವ .44 ಮ್ಯಾಗ್ನಮ್‌ನ ಗುಂಡು ಹದಿನೈದು ಗ್ರಾಂ ದಾಟುತ್ತದೆ, ವೇಗವೂ ಬಹಳ ಹೆಚ್ಚು. ಮೊಲೆಂನಲ್ಲಿ ನಡೆಯುವವರಿಗೆ ಎದುರಾಗಬಹುದಾದ ದೊಡ್ಡ ಪ್ರಾಣಿ ಕಾಟಿ, ಗೋವಾದ ರಾಜ್ಯಪ್ರಾಣಿ. ಬೆಳೆದ ಗಂಡು ಕಾಟಿ ಒಂದು ಟನ್ ಹತ್ತಿರ ತೂಗಬಲ್ಲದು. ಆ ಮೈಗೆ ಆರು ಗ್ರಾಂ ಸೀಸ ಹೊಕ್ಕರೆ ಅದು ನಿಲ್ಲುವುದಿಲ್ಲ, ಕೆರಳುತ್ತದೆ. ಅಂಬಾರಿಯ ಹುಲಿಯ ಕಥೆಯೇ ಮತ್ತೆ.

ಅಲಾಸ್ಕಾದ ಅನುಭವವನ್ನೂ ನೋಡಬೇಕು. 2010ರ ಫೆಬ್ರವರಿಯಿಂದ ಅಮೆರಿಕದ ರಾಷ್ಟ್ರೀಯ ಉದ್ಯಾನಗಳಿಗೆ ಆಯಾ ರಾಜ್ಯದ ಕಾನೂನಿನಂತೆ ಬಂದೂಕು ಒಯ್ಯಬಹುದು. ಸಂಶೋಧಕರಾದ ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು ಅಲಾಸ್ಕಾದಲ್ಲಿ ಕರಡಿಯೆದುರು ಬಂದೂಕು ಇದ್ದ 269 ಪ್ರಸಂಗಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದರು. ಕೈಬಂದೂಕು ಬಳಸಿದ ಪ್ರಸಂಗಗಳಲ್ಲಿ ನೂರಕ್ಕೆ 84ರಲ್ಲಿ ಕರಡಿ ಹಿಮ್ಮೆಟ್ಟಿತ್ತು. ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಹತ್ತಿರದ ಮುಖಾಮುಖಿಯಲ್ಲಿ ಬಂದೂಕು ಇದ್ದವರು ಅದನ್ನು ಬಳಸಿದರೂ ಬಳಸದಿದ್ದರೂ ಗಾಯಗೊಂಡ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದಕ್ಕೂ ಮುಂಚೆ, 2008ರಲ್ಲಿ, ಅವರದೇ ಇನ್ನೊಂದು ಅಧ್ಯಯನ ಖಾರದ ಸ್ಪ್ರೇ ಬಗ್ಗೆ ಬಂದಿತ್ತು. ಅದನ್ನು ಬಳಸಿದ ಪ್ರಸಂಗಗಳಲ್ಲಿದ್ದವರ ಪೈಕಿ ನೂರಕ್ಕೆ 98 ಮಂದಿಗೆ ಒಂದು ಗೀರೂ ಆಗಿರಲಿಲ್ಲ. ಹುಡುಗ ಇದನ್ನು ಕೇಳಿ ಬಹಳ ಹೊತ್ತು ಮಾತಾಡಲಿಲ್ಲ.

ನಮ್ಮ ಜೊತೆ ಬಂದ ಗೈಡ್ ಸುರ್ಲಾ ಕಡೆಯವರು, ಐವತ್ತು ದಾಟಿದವರು. ಲೋಂಡಾದಲ್ಲಿ ಕೆಲಸ ಮಾಡಿದ್ದರಿಂದ ಕನ್ನಡ ಬರುತ್ತಿತ್ತು. ಅವರ ಕೈಯಲ್ಲಿ ಒಂದು ಬಿದಿರಿನ ಕೋಲು. ಅದನ್ನು ನೆಲಕ್ಕೆ ಕುಟ್ಟುತ್ತಾ ನಡೆಯುತ್ತಿದ್ದರು, ತರಗೆಲೆಯೊಳಗಿನ ಮಂಡಲದ ಹಾವಿಗೆ ತಿಳಿಯಲೆಂದು. ದಾರಿ ತಿರುಗುವ ಕಡೆಯಲ್ಲೆಲ್ಲ ಒಮ್ಮೆ ಕೆಮ್ಮುವರು, ಇಲ್ಲವೇ ಚಪ್ಪಾಳೆ ತಟ್ಟುವರು. ಕರಡಿಗೆ ಕಣ್ಣು ಮಂದ, ಗೆದ್ದಲು ಹೆಕ್ಕುವಾಗ ತಲೆ ಎತ್ತುವುದಿಲ್ಲ, ನಾವೇ ಹೋಗಿ ಎಡವಿದರೆ ಮುಖಕ್ಕೇ ಬರುತ್ತದೆ ಎಂದರು. ಹುಡುಗನ ಕಿವಿಯಲ್ಲಿದ್ದ ಇಯರ್‌ಫೋನನ್ನು ಮೊದಲೇ ತೆಗೆಸಿದ್ದರು.

ಹಳ್ಳ ದಾಟಿ ಏರು ಹತ್ತುವಾಗ ಅವರ ಅಂಗೈ ಹಿಂದಕ್ಕೆ ಚಾಚಿ ನಿಂತಿತು. ನಾವೂ ನಿಂತೆವು. ಮೊದಲು ಬಂದದ್ದು ವಾಸನೆ, ದನದ ಕೊಟ್ಟಿಗೆಯದೇ ವಾಸನೆ. ಇಪ್ಪತ್ತೈದು ಹೆಜ್ಜೆ ಆಚೆ ವಾಟೆಬಿದಿರಿನ ನೆರಳು ಎಂದುಕೊಂಡಿದ್ದ ಕಪ್ಪು, ಕಿವಿ ಅಲ್ಲಾಡಿಸಿತು. ಒಂಟಿ ಕಾಟಿ. ಮೊಣಕಾಲಿನ ಕೆಳಗೆ ಬಿಳಿ, ಹೆಗಲ ಮೇಲೆ ಗುಡ್ಡದಂಥ ದಿಬ್ಬ, ಮೂಗಿನ ಹೊಳ್ಳೆ ಒದ್ದೆಯಾಗಿ ಹೊಳೆಯುತ್ತಿತ್ತು. 'ಫುಸ್' ಎಂದು ಒಮ್ಮೆ ಉಸಿರು ಬಿಟ್ಟಿತು. ಹುಡುಗ ನನ್ನ ಅಂಗಿಯ ತೋಳು ಹಿಡಿದ. ಅದು ನುಗ್ಗಿದ್ದರೆ ಎರಡು ಮೂರು ಸೆಕೆಂಡಿನಲ್ಲಿ ನಮ್ಮ ಮೇಲಿರುತ್ತಿತ್ತು. ಅಷ್ಟರಲ್ಲಿ ಒರೆಯಿಂದ ಪಿಸ್ತೂಲು ತೆಗೆದು, ನಡುಗುವ ಕೈಯಲ್ಲಿ ಗುರಿ ಹಿಡಿಯುವುದು ತರಬೇತಾದವರಿಗೂ ಕಷ್ಟ.

ಗೈಡ್ ಮುಖ ತಿರುಗಿಸದೆ, ಓಡದೆ, ನಮ್ಮಿಬ್ಬರನ್ನೂ ಒಂದೊಂದೇ ಹೆಜ್ಜೆ ಓರೆಯಾಗಿ ಹಿಂದೆ ಸರಿಸಿ ದೊಡ್ಡ ಮತ್ತಿ ಮರದ ಮರೆಗೆ ತಂದರು. ಕಾಟಿಗೆ ಹೋಗಲು ದಾರಿ ಬಿಟ್ಟುಕೊಟ್ಟಿದ್ದರು. ಆಮೇಲೆ ಮನೆಯ ಎಮ್ಮೆಯೊಡನೆ ಮಾತಾಡುವ ದನಿಯಲ್ಲಿ ಏನೋ ಹೇಳಿದರು. ಹತ್ತು ನಿಮಿಷ. ಕಾಟಿ ಎರಡು ಬಾಯಿ ಹುಲ್ಲು ಮೇಯ್ದು, ನಮ್ಮನ್ನು ನೋಡಿ, ಮತ್ತೆ ಮೇಯ್ದು, ಇಳಿಜಾರಿಗೆ ಇಳಿಯಿತು. ಬಿದಿರು ಲಟಲಟ ಮುರಿಯುವ ಸದ್ದು ಕೆಳಗಿನ ಹಳ್ಳದವರೆಗೂ ಕೇಳಿಸಿತು.

ಇದು ಆ ಒಬ್ಬರ ಜಾಣ್ಮೆಯಷ್ಟೇ ಅಲ್ಲ. ಈ ಕಾಡಿನ ವೇಳಿಪರು, ಕುಣಬಿಗಳು, ಗೌಳಿಗರು ತಲೆಮಾರುಗಳಿಂದ ನಡೆದದ್ದು ಹೀಗೆಯೇ. ಎಮ್ಮೆಯ ಕೊರಳಿಗೆ ಗಂಟೆ, ಸಂಜೆ ಮಬ್ಬಾಗುವ ಮೊದಲೇ ಮನೆ, ಕಾಡಂಚಿನಲ್ಲಿ ಹುಲಿಯ ರೂಪದ ವಾಘ್ರೋ ದೇವರಿಗೊಂದು ದೀಪ. ನಾಲ್ಕು ವರ್ಷಕ್ಕೊಮ್ಮೆ ಹುಲಿ ಎಣಿಕೆಗೆಂದು ದೇಶದ ಅರಣ್ಯ ರಕ್ಷಕರು ದಿನಕ್ಕೆ ಐದು ಕಿಲೋಮೀಟರ್ ಹೆಜ್ಜೆಗುರುತು ಹುಡುಕುತ್ತಾ ನಡೆಯುವಾಗಲೂ ಅವರನ್ನು ಕಾಯುವುದು ಬಹುಮಟ್ಟಿಗೆ ಈ ಎಚ್ಚರವೇ.

ಆ ಎಚ್ಚರ, ಆ ಸಹನೆ ಮುರಿದುಬಿದ್ದಾಗ ಆಗುವ ಅನಾಹುತಕ್ಕೆ ಬಂದೂಕೇ ಬೇಕಿಲ್ಲ. 2020ರ ಜನವರಿಯಲ್ಲಿ, ಮೊಲೆಂಗೆ ಉತ್ತರದ ಮಹದಾಯಿ ಅಭಯಾರಣ್ಯದ ಗೋಳಾವಲಿಯಲ್ಲಿ ಒಂದು ತಾಯಿಹುಲಿ ಮತ್ತು ಮೂರು ಮರಿಗಳು ಸತ್ತು ಬಿದ್ದಿದ್ದವು. ದನ ಕಳೆದುಕೊಂಡ ಮನೆಯವರು ಅದರ ಕಳೇಬರಕ್ಕೆ ವಿಷ ಹಾಕಿದರೆಂಬುದು ಆರೋಪ. ಮೂರೂವರೆ ವರ್ಷದ ಮೇಲೆ, 2023ರ ಜುಲೈ 24ರಂದು, ಬಾಂಬೆ ಹೈಕೋರ್ಟಿನ ಗೋವಾ ಪೀಠ ಈ ಕಾಡುಗಳನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲು ಆದೇಶಿಸಿತು, ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಒಂದು ದನ ಸತ್ತರೆ ಪರಿಹಾರದ ಹಣ ಅದೇ ವಾರ ಆ ಮನೆಯ ಬಾಗಿಲಿಗೆ ತಲುಪಬೇಕು. ನಡೆಯಲು ಬರುವ ನಮ್ಮಂಥವರು ಕಾಡಿನ ಪರವಾಗಿ ಕೇಳಬೇಕಾದದ್ದು ಮೊದಲು ಅದನ್ನು.

ಗೇಟಿಗೆ ಮರಳಿದಾಗ ಬಿಸಿಲು ಬಾಡಿತ್ತು. ಕಾವಲುಗಾರರು ವಹಿ ತೆರೆದು, ನನ್ನ ಹೆಸರಿನ ಮುಂದೆ ಹೊರಬಂದ ವೇಳೆ ಬರೆದು, ಚಾಕು ಕೊಟ್ಟರು. ರಸ್ತೆಬದಿಯ ಕಟ್ಟೆಯ ಮೇಲೆ ಕೂತು ಹುಡುಗ ಪೇರಲಹಣ್ಣು ಹೆಚ್ಚಿದ. ಮೊದಲ ಹೋಳನ್ನು ಗೈಡ್‌ಗೆ ಕೊಟ್ಟು ಕೇಳಿದ, 'ನೀವು ಆಗ ಅದಕ್ಕ ಏನಂದ್ರಿ?'

'ನೀ ಮುಂದೆ ಹೋಗು, ನಮಗೆ ಗಡಿಬಿಡಿ ಇಲ್ಲ ಅಂದೆ' ಎಂದರು ಅವರು.