ಎದೆಯ ಮರ್ಮರ

ಸವದತ್ತಿ ತಾಲೂಕಿನ ಸಿರಸಂಗಿ ಎಂದೊಡನೆ ಎರಡು ಹೆಸರುಗಳು ನೆನಪಿಗೆ ಬರುತ್ತವೆ. ಒಂದು, ವಿಶ್ವಕರ್ಮರ ಆರಾಧ್ಯದೇವತೆಯಾದ ಕಾಳಮ್ಮನದು. ಇನ್ನೊಂದು, ಮಕ್ಕಳ ವಿದ್ಯೆಗಾಗಿ ತಮ್ಮ ಆಸ್ತಿಯನ್ನೇ ಬರೆದಿಟ್ಟ ತ್ಯಾಗವೀರ ಲಿಂಗರಾಜ ದೇಸಾಯರದು (1861-1906). ಎರೆಯ ಹೊಲ, ಜೋಳದ ತೆನೆ, ಹತ್ತಿಯ ಬೆಳೆಗಳ ನಡುವೆ ಇರುವ ಈ ಊರಿನ ಮಕ್ಕಳು ಶಾಲೆಗೆ ಹೋಗುವುದು ಇಂದು ವಿಶೇಷದ ಸಂಗತಿಯೇನೂ ಅಲ್ಲ. ಆದರೆ ಶಾಲೆಗೆ ಹೋಗುವ ಮಗುವಿನ ಎದೆಗೂಡಿನೊಳಗೆ ಏನು ನಡೆದಿದೆ ಎಂಬುದನ್ನು ಕಿವಿಗೊಟ್ಟು ಕೇಳುವವರು ಯಾರು?

ವರ್ಷಕ್ಕೊಮ್ಮೆಯಾದರೂ ಕೇಳುವವರುಂಟು. 2013ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಸಂಚಾರಿ ವೈದ್ಯತಂಡಗಳು ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಂದು ಸಲ, ಅಂಗನವಾಡಿಗಳಿಗೆ ಎರಡು ಸಲ ಭೇಟಿ ಕೊಡಬೇಕು. ತಂಡದಲ್ಲಿ ಇಬ್ಬರು ವೈದ್ಯರು, ಒಬ್ಬ ಶುಶ್ರೂಷಕಿ, ಒಬ್ಬ ಔಷಧ ವಿತರಕ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಅವರು ಹುಡುಕಬೇಕಾದ ದೋಷಗಳ ಪಟ್ಟಿಯಲ್ಲಿ ಹೃದ್ರೋಗಗಳು ಎರಡು: ಹುಟ್ಟಿನಿಂದಲೇ ಬಂದ ಹೃದಯದೋಷ ಮತ್ತು ಕೀಲುವಾತದ ಜ್ವರದಿಂದ ಬರುವ ಹೃದಯರೋಗ.

ಸಿರಸಂಗಿಯಂಥ ಊರಿನ ಐದನೆಯ ಇಯತ್ತೆಯ ಒಬ್ಬ ಹುಡುಗಿ ಇಂಥ ವೈದ್ಯರ ಮುಂದೆ ಬಂದು ನಿಂತಿದ್ದಾಳೆಂದು ಭಾವಿಸೋಣ. ಎತ್ತರ, ತೂಕ ಆದ ಮೇಲೆ ಡಾಕ್ಟರು ಕೇಳುತ್ತಾರೆ: “ತಂಗೀ, ಆಟಾ ಆಡೂವಾಗ ದಮ್ಮ ಹತ್ತತೈತೇನವಾ?” ಹುಡುಗಿ ಗೆಳತಿಯರ ಕಡೆ ನೋಡಿ ನಗುತ್ತ “ಇಲ್ರೀ ಸರ” ಎನ್ನುತ್ತಾಳೆ. ದಮ್ಮು ಹತ್ತುವ ಮಗು ಆಟ ಬಿಟ್ಟು ಕಟ್ಟೆಯ ಮೇಲೆ ಕೂತಿರುತ್ತದೆ. ಆಟವೇ ಆಡದ ಮೇಲೆ ದಮ್ಮೆಲ್ಲಿಂದ ಬರಬೇಕು? ಅನುಭವಿಗಳಾದ ವೈದ್ಯರು ಆಗ ಗುರುಗಳತ್ತ ತಿರುಗಿ, ಈ ಹುಡುಗಿ ಬಿಡುವಿನಲ್ಲಿ ಏನು ಮಾಡುತ್ತಾಳೆಂದು ಕೇಳುತ್ತಾರೆ. ಅನಂತರವೇ ಸ್ಟೆತಾಸ್ಕೋಪು ಕಿವಿಗೇರುತ್ತದೆ.

ಈ ಉಪಕರಣದ ಹುಟ್ಟಿನಲ್ಲಿಯೂ ಮಕ್ಕಳ ಪಾತ್ರವಿದೆಯೆಂದು ಒಂದು ಕಥೆ ಹೇಳುತ್ತಾರೆ. ಪ್ಯಾರಿಸಿನಲ್ಲಿ ಹುಡುಗರು ಉದ್ದನೆಯ ಮರದ ತೊಲೆಯ ಒಂದು ತುದಿಯನ್ನು ಕೆರೆದು, ಇನ್ನೊಂದು ತುದಿಗೆ ಕಿವಿಯಿಟ್ಟು ಆಡುವುದನ್ನು ಲೇನೆಕ್ ಎಂಬ ವೈದ್ಯ ಕಂಡಿದ್ದನಂತೆ. ಕಥೆ ಹೇಗೇ ಇರಲಿ, 1816ರಲ್ಲಿ ಅವನು ಕಾಗದವನ್ನು ಸುರುಳಿ ಸುತ್ತಿ ರೋಗಿಯೊಬ್ಬಳ ಎದೆಗಿಟ್ಟು ಆಲಿಸಿದ್ದು ನಿಜ. ಇನ್ನೂರು ವರ್ಷಗಳು ಕಳೆದಿವೆ. ಹಳ್ಳಿಯ ಶಾಲೆಯಲ್ಲಿ ಇಂದಿಗೂ ಅದಕ್ಕಿಂತ ಅಗ್ಗದ ಮತ್ತು ಶೀಘ್ರವಾದ ಸಾಧನ ಬೇರೊಂದಿಲ್ಲ.

ಆ ನಳಿಗೆಯಲ್ಲಿ ಕೇಳಿಬರಬೇಕಾದದ್ದು ‘ಲಬ್-ಡಬ್’ ಎಂಬ ಜೋಡಿಸದ್ದು. ಅವೆರಡರ ನಡುವೆ ರಕ್ತದ ಸುಳಿಯಿಂದ ಏಳುವ ಸರಸರ ಸದ್ದಿಗೆ ‘ಮರ್ಮರ’ವೆಂದು ಹೆಸರು. ಒಣ ಎಲೆಗಳ ಸಪ್ಪಳಕ್ಕಿರುವ ಈ ಮಾತು ಹೃದಯಕ್ಕೂ ಚೆನ್ನಾಗಿಯೇ ಒಪ್ಪಿದೆ. ಆದರೆ ಮರ್ಮರವೆಂದ ಕೂಡಲೆ ತಾಯಿಯ ಮುಖ ಬಾಡುತ್ತದೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಆರೋಗ್ಯವಂತರಾದ ಮಕ್ಕಳಲ್ಲಿ ಬಹುಮಂದಿಗೆ ಬಾಲ್ಯದ ಯಾವುದಾದರೊಂದು ಹಂತದಲ್ಲಿ ಮರ್ಮರ ಕೇಳಿಸುತ್ತದೆ. ಅದರಿಂದ ಕೇಡೇನೂ ಇಲ್ಲ. 1909ರಲ್ಲಿ ಇಂಗ್ಲೆಂಡಿನ ಶಿಶುವೈದ್ಯ ಜಾರ್ಜ್ ಸ್ಟಿಲ್ ವರ್ಣಿಸಿದ ಇಂಥ ಒಂದು ಮರ್ಮರ ತಂತಿ ಮಿಡಿದಂತೆ ಇಂಪಾಗಿರುತ್ತದೆ. ಮಗು ಮಲಗಿದಾಗ ಹೆಚ್ಚು, ಎದ್ದು ಕುಳಿತಾಗ ಕಡಿಮೆ. ಜ್ವರದಲ್ಲಿ, ರಕ್ತಹೀನತೆಯಲ್ಲಿ ಇಂಥ ಸದ್ದು ಏರುವುದುಂಟು. ಮಗು ಉಸಿರು ಎಳೆದಾಗ ನಾಡಿ ಚುರುಕಾಗಿ, ಬಿಟ್ಟಾಗ ನಿಧಾನವಾಗುವುದೂ ಸಹಜವೇ. ಇವನ್ನೆಲ್ಲ ರೋಗವೆಂದು ಬಗೆದು ಮಗುವನ್ನು ಆಟದಿಂದ ದೂರವಿಟ್ಟ ಮನೆಗಳು ಅನೇಕ. ಇಲ್ಲದ ರೋಗಕ್ಕೆ ಬಾಲ್ಯವನ್ನು ಬಲಿಕೊಡುವುದು ಇದ್ದ ರೋಗವನ್ನು ಕಾಣದಿರುವಷ್ಟೇ ದೊಡ್ಡ ತಪ್ಪು.

ಆದರೂ ಸಾವಿರ ಶಿಶುಗಳಲ್ಲಿ ಸುಮಾರು ಎಂಟು ಹೃದಯದೋಷದೊಡನೆ ಹುಟ್ಟುತ್ತವೆಂದು ವೈದ್ಯರ ಲೆಕ್ಕ. ತೀವ್ರವಾದವು ಶೈಶವದಲ್ಲಿಯೇ ತಲೆದೋರುತ್ತವೆ. ಶಾಲೆಯವರೆಗೆ ಸದ್ದಿಲ್ಲದೆ ನಡೆದುಬರುವುದು ಮುಖ್ಯವಾಗಿ ಹೃದಯದ ಮೇಲಿನ ಎರಡು ಕೋಣೆಗಳ ನಡುಗೋಡೆಯ ರಂಧ್ರ. ಅದರ ಮರ್ಮರ ಮೆಲ್ಲನೆಯದು. ಸುಳಿವು ಸಿಗುವುದು ಎರಡನೆಯ ಸದ್ದು ಒಡೆದು ಎರಡಾಗಿ ಕೇಳಿಸುವುದರಲ್ಲಿ, ಉಸಿರಾಟಕ್ಕೆ ಜಗ್ಗದೆ ಹಾಗೆಯೇ ನಿಲ್ಲುವುದರಲ್ಲಿ. ಕೆಳಗಿನ ಕೋಣೆಗಳ ನಡುವಿನ ರಂಧ್ರದ ವಿಷಯ ಇನ್ನೂ ವಿಚಿತ್ರ. ರಂಧ್ರ ಸಣ್ಣದಾದಷ್ಟೂ ಸದ್ದು ದೊಡ್ಡದು. ಅನೇಕವು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ದೊಡ್ಡ ರಂಧ್ರವಿದ್ದು, ವರ್ಷಗಳು ಕಳೆದಂತೆ ಸದ್ದು ಕುಗ್ಗಿ, ಮಗು ಸುಧಾರಿಸಿದಂತೆ ಕಂಡರೆ ಹಿಗ್ಗುವಂತಿಲ್ಲ. ಶ್ವಾಸಕೋಶದ ರಕ್ತನಾಳಗಳು ಪೆಡಸಾಗಿ, ಶಸ್ತ್ರಚಿಕಿತ್ಸೆಯ ಕಾಲ ಮಿಂಚಿಹೋಗುತ್ತಿರುವ ಲಕ್ಷಣ ಅದಾಗಿರಬಹುದು.

ಎರಡನೆಯ ರೋಗ ಬಡತನದ ಬೆನ್ನಿಗೆ ಬರುವಂಥದು. ಕಿಕ್ಕಿರಿದ ಮನೆ, ಒಬ್ಬರಿಂದೊಬ್ಬರಿಗೆ ಹಬ್ಬುವ ಗಂಟಲುನೋವು. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಗಂಟಲು ಕೆಟ್ಟ ಎರಡು ಮೂರು ವಾರಗಳಿಗೆ, 5ರಿಂದ 15 ವರ್ಷದ ಮಗುವಿಗೆ ಜ್ವರ ಬರುತ್ತದೆ. ಇಂದು ಮೊಣಕಾಲು, ನಾಳೆ ಹರಡು, ನಾಡಿದ್ದು ಮೊಣಕೈ ಎಂದು ನೋವು ಊರಾಡುತ್ತದೆ. ಎಣ್ಣೆ ತಿಕ್ಕುತ್ತಾರೆ, ನೋವು ತಾನಾಗಿಯೇ ಹೋಗುತ್ತದೆ, ಎಣ್ಣೆಗೆ ಕೀರ್ತಿ ಬರುತ್ತದೆ. ಕೀಲುಗಳನ್ನು ನೆಕ್ಕಿ ಹೃದಯವನ್ನು ಕಚ್ಚುವ ಜ್ವರವೆಂದು ವೈದ್ಯರಲ್ಲಿ ಹಳೆಯ ಮಾತೊಂದಿದೆ. ಕಚ್ಚಿದ ಗುರುತು ಕವಾಟಗಳ ಮೇಲೆ ಉಳಿಯುತ್ತದೆ; ಅನೇಕ ಹುಡುಗಿಯರಲ್ಲಿ ಅದು ಹೊರಬೀಳುವುದು ಮದುವೆಯಾಗಿ, ಮೊದಲ ಬಸಿರಿನ ಭಾರವನ್ನು ಹೃದಯ ತಾಳದೆ ಹೋದಾಗ.

ಈ ಜ್ವರದ ಇನ್ನೊಂದು ರೂಪವನ್ನು ಶಿಕ್ಷಕರು ತಿಳಿದಿರಲೇಬೇಕು. ಗಂಟಲುನೋವು ಮರೆತುಹೋದ ತಿಂಗಳುಗಳ ಮೇಲೆ ಮಗುವಿನ ಕೈಕಾಲುಗಳು ತಾವಾಗಿಯೇ ಅದುರಲಾರಂಭಿಸುತ್ತವೆ. ಮುಖ ಸೊಟ್ಟಗಾಗುತ್ತದೆ, ಕೈಯಲ್ಲಿದ್ದುದು ಕೆಳಗೆ ಬೀಳುತ್ತದೆ, ನಿನ್ನೆಯವರೆಗೆ ದುಂಡಗಿದ್ದ ಅಕ್ಷರ ಇಂದು ಕಾಗೆಯ ಕಾಲಾಗುತ್ತದೆ. ಅಣಕಿಸುತ್ತಾನೆಂದು ಗುರುಗಳು ಗದರಿಸುತ್ತಾರೆ. ತಟ್ಟೆ ಒಡೆದನೆಂದು ಮನೆಯಲ್ಲಿ ಏಟು ಬೀಳುತ್ತದೆ. ಪೆಟ್ಟು ತಿನ್ನುತ್ತಿರುವುದು ರೋಗಿಯಾದ ಮಗು! ಕೈಬರಹ ಏಕಾಏಕಿ ಕೆಟ್ಟ ಮಗುವನ್ನು ವೈದ್ಯರಲ್ಲಿಗೆ ಕಳಿಸುವ ಮಾಸ್ತರರು ದೊಡ್ಡ ಯಂತ್ರವೊಂದು ಮಾಡುವ ಕೆಲಸವನ್ನೇ ಮಾಡುತ್ತಾರೆ.

ಯಂತ್ರದ ಮಾತು ಬಂದುದರಿಂದ ಹೇಳಬೇಕು: ಸ್ಟೆತಾಸ್ಕೋಪಿಗೂ ಮಿತಿಯಿದೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಾಂಬೋಡಿಯ ಮತ್ತು ಮೊಜಾಂಬಿಕ್ ದೇಶಗಳ ಶಾಲಾಮಕ್ಕಳನ್ನು ಮೊದಲು ಕಿವಿಯಿಂದ, ಬಳಿಕ ಧ್ವನಿತರಂಗಗಳಿಂದ ಹೃದಯದ ಚಿತ್ರ ಮೂಡಿಸುವ ಎಕೋ ಯಂತ್ರದಿಂದ ಪರೀಕ್ಷಿಸಿದರು. ಯಂತ್ರಕ್ಕೆ ಕಂಡ ಕವಾಟದೋಷಗಳು ಕಿವಿಗೆ ಸಿಕ್ಕವುಗಳ ಸುಮಾರು ಹತ್ತರಷ್ಟು! ಕಂಡು ಮಾಡುವುದೇನು ಎಂಬ ಪ್ರಶ್ನೆಗೆ ಯುಗಾಂಡದಿಂದ ಉತ್ತರ ಬಂತು. ಹೀಗೆ ಅಡಗಿದ್ದ ದೋಷವುಳ್ಳ 800ಕ್ಕೂ ಹೆಚ್ಚು ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚಿ ಎರಡು ವರ್ಷ ಕಾದರು. ಚುಚ್ಚಿಸಿಕೊಂಡವರಲ್ಲಿ ರೋಗ ಬೆಳೆದದ್ದು 3 ಮಕ್ಕಳಿಗೆ. ಚುಚ್ಚಿಸಿಕೊಳ್ಳದವರಲ್ಲಿ 33 ಮಕ್ಕಳಿಗೆ. 2021ರಲ್ಲಿ ಪ್ರಕಟವಾದ ಈ ಲೆಕ್ಕ ಎಂಥವರನ್ನೂ ಯೋಚನೆಗೆ ಹಚ್ಚುವಂಥದು. ಮದ್ದು ದುಬಾರಿಯದಲ್ಲ. ಕಷ್ಟವಿರುವುದು ಬೇನೆಯಿಲ್ಲದ ಮಗುವನ್ನು ವರ್ಷಗಟ್ಟಲೆ ತಪ್ಪದೆ ಸೂಜಿಗೆ ಒಡ್ಡುವುದರಲ್ಲಿ. ಗಂಟಲುನೋವಿನ ಹಂತದಲ್ಲಿಯೇ, ಒಂಬತ್ತು ದಿನಗಳೊಳಗೆ ಪೆನಿಸಿಲಿನ್ ಆರಂಭವಾದರೆ ಈ ಜ್ವರವನ್ನೇ ತಡೆಯಬಹುದೆಂಬುದು ಅರ್ಧ ಶತಮಾನಕ್ಕೂ ಹಿಂದಿನಿಂದ ತಿಳಿದ ವಿಷಯ.

ಇಷ್ಟನ್ನು ಓದಿದ ಪಟ್ಟಣದ ವಾಚಕರು, ಇದು ಹಳ್ಳಿಯವರ ಚಿಂತೆ ಎಂದು ಪುಟ ಮಗುಚಬಾರದು. ಸಂಚಾರಿ ತಂಡ ಹೋಗುವುದು ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ. ದುಬಾರಿ ಶುಲ್ಕ ತೆತ್ತು ಖಾಸಗಿ ಶಾಲೆಗೆ ಹೋಗುವ ಮಗುವಿನ ಎದೆಯ ಸದ್ದನ್ನು ಕೇಳಿದವರು ಯಾರೂ ಇಲ್ಲದಿರಬಹುದು. ಜೊತೆಗೆ ಆ ಮಗುವಿಗೆ ಬೇರೊಂದು ಅಪಾಯವೂ ಕಾದಿದೆ.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೂ ಶಿಶುಗಳ ಜನನ ತೂಕವನ್ನು ದಾಖಲೆಯಲ್ಲಿ ಬರೆದಿಡುತ್ತ ಬಂದರು. ಹೀಗೆ 1934ರಿಂದ 1954ರೊಳಗೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಮಧ್ಯವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ, ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗ ಕಂಡಿತು. ಮೂರು ಕಿಲೋ ಮೀರಿ ಹುಟ್ಟಿದವರಲ್ಲಿ ನೂರಕ್ಕೆ 3. ಇದು 1996ರಲ್ಲಿ ಪ್ರಕಟವಾಯಿತು. ಅಲ್ಲಿಗೆ ನಿಲ್ಲದೆ, 1997-98ರಲ್ಲಿ ಅದೇ ಆಸ್ಪತ್ರೆಯ ಗರ್ಭಿಣಿಯರಿಂದ ಹೊಸ ಅಧ್ಯಯನ ಆರಂಭಿಸಿ, ಹುಟ್ಟಿದ ಮಕ್ಕಳನ್ನು ಶಾಲೆಯ ವಯಸ್ಸಿನಲ್ಲಿಯೂ ಮತ್ತೆ ಮತ್ತೆ ಕರೆಸಿ ರಕ್ತದ ಒತ್ತಡ, ಸಕ್ಕರೆ, ಮೈಯ ಕೊಬ್ಬುಗಳನ್ನು ಅಳೆದರು. ಬಸಿರಿನಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ, ಹತ್ತು ವರ್ಷ ತುಂಬುವ ಮೊದಲೇ, ಮುಂದಿನ ಹೃದ್ರೋಗದ ಹಲವು ಮುನ್ಸೂಚನೆಗಳು ಒಟ್ಟಾಗಿ ಕಂಡವು. ಐವತ್ತರ ರೋಗ ಐದನೆಯ ತರಗತಿಯಲ್ಲಿಯೇ ಹೆಸರು ನೋಂದಾಯಿಸಿಕೊಂಡಿರುತ್ತದೆಂದು ಮೈಸೂರಿನ ಮಕ್ಕಳು ತೋರಿಸಿಕೊಟ್ಟರು.

ಮಕ್ಕಳ ರಕ್ತದೊತ್ತಡ ಅಳೆಯುವುದು ಸುಲಭವೆಂದು ತೋರುತ್ತದೆ, ಸುಲಭವಲ್ಲ. ತೋಳಿಗೆ ತಕ್ಕ ಪಟ್ಟಿ ಬೇಕು. ಪಟ್ಟಿ ಚಿಕ್ಕದಾದರೆ ಇಲ್ಲದ ಒತ್ತಡ ಇದ್ದಂತೆ ಕಾಣುತ್ತದೆ. ಓಡಿಬಂದ ಮಗುವನ್ನು ಐದು ನಿಮಿಷ ಕೂರಿಸಬೇಕು. ಹದಿಮೂರು ವರ್ಷದೊಳಗಿನವರಲ್ಲಿ ವಯಸ್ಸು, ಎತ್ತರ, ಗಂಡೋ ಹೆಣ್ಣೋ ಎಂಬುದನ್ನು ನೋಡಿ ಕೋಷ್ಟಕದೊಡನೆ ಹೋಲಿಸಬೇಕು. ಮೂರು ಬೇರೆ ಬೇರೆ ದಿನ ಹೆಚ್ಚಿದ್ದರೆ ಮಾತ್ರ ಹೆಚ್ಚೆನ್ನಬೇಕು.

ಜಪಾನಿನಲ್ಲಿ 1995ರಿಂದ ಒಂದನೆಯ, ಏಳನೆಯ ಮತ್ತು ಹತ್ತನೆಯ ತರಗತಿಯ ಪ್ರತಿಯೊಂದು ಮಗುವಿಗೂ ಹೃದಯದ ವಿದ್ಯುಲ್ಲೇಖನ, ಎಂದರೆ ಇಸಿಜಿ, ಕಡ್ಡಾಯ. 2025ರಲ್ಲಿ ಹಾಸನ ಜಿಲ್ಲೆಯಲ್ಲಿ ಎಳೆಯರ ಹಠಾತ್ ಸಾವುಗಳ ಸುದ್ದಿ ಹಬ್ಬಿದಾಗ ನಮ್ಮಲ್ಲಿಯೂ ಶಾಲಾಮಕ್ಕಳ ಹೃದಯತಪಾಸಣೆಯ ಮಾತು ಎದ್ದಿತು. ಯಂತ್ರಗಳು ಬರಲಿ. ಅವು ಬರುವ ಮೊದಲು ಮೂರು ಪ್ರಶ್ನೆಗಳಿಗೆ ಖರ್ಚಿಲ್ಲ. ಓಡುವಾಗ ಮಗು ಎಂದಾದರೂ ಎಚ್ಚರ ತಪ್ಪಿ ಬಿದ್ದಿದೆಯೆ? ಓರಗೆಯವರಿಗಿಂತ ಬೇಗ ಏದುತ್ತದೆಯೆ? ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಯಾರಾದರೂ ಹಠಾತ್ತನೆ ತೀರಿಕೊಂಡಿದ್ದಾರೆಯೆ? ಒಂದಕ್ಕಾದರೂ ಹೌದೆಂಬ ಉತ್ತರ ಬಂದರೆ ಹೃದಯತಜ್ಞರನ್ನು ಕಾಣಲು ತಡಮಾಡಬಾರದು.

ಐದನೆಯ ಇಯತ್ತೆಯ ಹುಡುಗಿಯನ್ನು ಅಲ್ಲಿಯೇ ಬಿಟ್ಟುಬಂದೆವಲ್ಲ! ಡಾಕ್ಟರು ಅವಳನ್ನು ಮಲಗಿಸಿ ಕೇಳಿದರು, ಕೂರಿಸಿ ಕೇಳಿದರು; ಎರಡನೆಯ ಸದ್ದು ಒಡೆದೇ ಇದೆ. ಚೀಟಿ ಬರೆದರು. ಲಿಂಗರಾಜರ ಹೆಸರಿನ ಕಾಲೇಜು 1933ರಲ್ಲಿ ಆರಂಭವಾದ ಬೆಳಗಾವಿಯಲ್ಲಿ ಇಂದು ಮಕ್ಕಳ ಹೃದಯದ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಅನೇಕ ರಂಧ್ರಗಳನ್ನು ಎದೆ ಸೀಳದೆ, ತೊಡೆಯ ಸಂದಿನ ರಕ್ತನಾಳದ ಮೂಲಕ ಮುಚ್ಚುತ್ತಾರೆ. ಬಡವರ ವೆಚ್ಚಕ್ಕೆ ಸರಕಾರದ ಯೋಜನೆಗಳುಂಟು. ಚೀಟಿ ಹಿಡಿದು ಮನೆಗೆ ಹೋದ ಹುಡುಗಿಯ ಅಜ್ಜಿ ಕೇಳುವ ಮಾತೇ ಬೇರೆ: “ಈಗ ಅರಾಮ ಅದಾಳಲ್ಲೋ ಯಪ್ಪಾ! ಎದಿ ಕೊಯಿಸಿದ ಹುಡುಗೀನ ನಾಳೆ ಯಾರ ಮಾಡಕೋತಾರ?”

ಅಜ್ಜಿಯೊಬ್ಬಳ ಮಾತಲ್ಲ ಇದು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ವೈದ್ಯರು, ಹೃದಯದ ಶಸ್ತ್ರಚಿಕಿತ್ಸೆಗೆ ಸಲಹೆ ಪಡೆದ 480 ಮಕ್ಕಳ ಜಾಡು ಹಿಡಿದು 2011ರಲ್ಲಿ ಬರೆದ ಪ್ರಬಂಧದಲ್ಲಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಗಂಡುಮಕ್ಕಳು ನೂರಕ್ಕೆ 70, ಹೆಣ್ಣುಮಕ್ಕಳು 44. ರಂಧ್ರಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ಸಿರಸಂಗಿಯ ಶಾಲೆಯ ಗುರುಗಳು ಮಾರನೆಯ ದಿನ ಹಾಜರಿ ಕರೆಯುವಾಗ ಆ ಹುಡುಗಿಯ ಹೆಸರಿನಲ್ಲಿ ತಡೆದು, “ಅಪ್ಪಾ ಯಾವಾಗ ಬೆಳಗಾಂವಿಗೆ ಕರಕೊಂಡ ಹೊಕ್ಕಾರಂತವಾ?” ಎಂದು ಕೇಳಿದರೆ, ಮತ್ತೆ ಎಂಟು ದಿನ ಬಿಟ್ಟು ಇನ್ನೊಮ್ಮೆ ಕೇಳಿದರೆ, ಆ ಚೀಟಿ ದೇವರ ಮಾಡದಲ್ಲಿ ಕುಂಕುಮ ಹತ್ತಿಸಿಕೊಂಡು ಕೂತಿರುವುದಿಲ್ಲ.